ಬಟನ್ ಒತ್ತಿ, ಒಂದು ಉಸಿರು ಬಿಟ್ಟು

ಫೋನ್ ಬಂದಾಗ ನನ್ನ ಮೇಜಿನ ಮೇಲೆ ಒಂದು ಕಲ್ಯಾಣ ಮಂಟಪದ ಆರು ವಾಕಿಟಾಕಿಗಳು ಬಿಚ್ಚಿ ಬಿದ್ದಿದ್ದವು. ಸಂಜಯನಗರದಲ್ಲಿ ನನ್ನದು ವೈರ್‌ಲೆಸ್ ರಿಪೇರಿ ಅಂಗಡಿ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು, ಮಂಟಪದ ಮ್ಯಾನೇಜರುಗಳು ನೆಲಕ್ಕೆ ಬೀಳಿಸಿ, ಸಾಂಬಾರಿನಲ್ಲಿ ಅದ್ದಿ ತರುವ ಸೆಟ್ಟುಗಳೇ ನನಗೆ ಅನ್ನ. ಜೊತೆಗೆ ನಾನು ಹ್ಯಾಮ್ ಕೂಡ, ಅಂದರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವಳು. ಫೋನ್ ಮಾಡಿದ್ದು ನನಗೆ ಆ ವಿದ್ಯೆ ಕಲಿಸಿದವರು. ನಾವೆಲ್ಲ ಅವರನ್ನು ಸರ್ ಎಂದೇ ಕರೆಯುವುದು.

"ಬಿಡುವಾದಾಗ ಒಂದ್ಸಲ ಬಾಮ್ಮ. ನನ್ ಸೆಟ್ಟಿಗೆ ವಾಕ್ಸ್ ಹಾಕ್ಕೊಡು" ಎಂದರು.

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಬೇರೆ ಯಾರಾದರೂ ಕೇಳಿದ್ದರೆ ಆಗಲಿ ಎಂದು ಫೋನ್ ಇಟ್ಟುಬಿಡುತ್ತಿದ್ದೆ. ಸರ್ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮ ಸೆಟ್ಟುಗಳಲ್ಲಿ ಮಾತಾಡಬೇಕಾದರೆ ಮೈಕಿನ ಬಟನ್ ಒತ್ತಬೇಕು. ಒತ್ತಿದರೆ ಸೆಟ್ಟು ಕಳಿಸುತ್ತದೆ, ಬಿಟ್ಟರೆ ಕೇಳಿಸಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ವಾಕ್ಸ್ ಎಂದರೆ ಬಟನ್ನಿನ ಕೆಲಸವನ್ನು ದನಿಗೆ ಒಪ್ಪಿಸುವುದು. ಮೈಕಿಗೆ ಸದ್ದು ಬಿದ್ದರೆ ಸೆಟ್ಟು ತಾನಾಗಿಯೇ ಕಳಿಸಲು ಶುರು ಮಾಡುತ್ತದೆ, ಸದ್ದು ನಿಂತು ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ನಿಲ್ಲಿಸುತ್ತದೆ. ಅನುಕೂಲದ ವಸ್ತುವೇ. ಆದರೆ ಸರ್‌ಗೆ ಅದನ್ನು ಕಂಡರೆ ಆಗದು. "ಬಟನ್ ಒತ್ತು, ಒಂದು ಉಸಿರು ಬಿಡು, ಆಮೇಲೆ ಬಾಯಿ ಬಿಡು" ಎಂದು ನಮಗೆಲ್ಲ ಬೈದು ಕಲಿಸಿದವರು ಅವರು. ಯಲಹಂಕದ ರಿಪೀಟರ್ ನಮ್ಮ ಸಣ್ಣ ಸೆಟ್ಟುಗಳ ಮಾತನ್ನು ಹಿಡಿದು ಊರಿಗೆಲ್ಲ ಕೇಳುವಂತೆ ಮತ್ತೆ ಕಳಿಸುತ್ತದೆ. ಅದು ಎದ್ದು ನಿಲ್ಲುವುದಕ್ಕೆ ಅಷ್ಟು ಹೊತ್ತು ಬೇಕು, ಇಲ್ಲದಿದ್ದರೆ ಮೊದಲ ಅಕ್ಷರ ಹೋಯಿತು. ಅದು ಒಂದು ಕಾರಣ. ಆ ಒಂದು ಉಸಿರಿನಲ್ಲಿ ಏನು ಹೇಳಬೇಕು, ಏನು ಬೇಡ ಎಂದು ತಲೆಗೆ ಹೊಳೆಯುತ್ತದೆ ಎನ್ನುವುದು ಅವರ ಇನ್ನೊಂದು ಕಾರಣ.

ನಾಲ್ಕು ತಿಂಗಳ ಹಿಂದೆ ಅವರ ಕತ್ತಿಗೆ ಆಪರೇಷನ್ ಆಗಿತ್ತು. ಮೂಳೆ ನರವನ್ನು ಒತ್ತಿ ಎರಡೂ ಕೈ ಬಲ ಕಳೆದುಕೊಂಡಿದ್ದವು, ನಡಿಗೆಯೂ ತಪ್ಪಿತ್ತು. ಆಪರೇಷನ್ ಆದ ಮೇಲೆ ನಡಿಗೆ ಸುಧಾರಿಸಿತು, ಕೈ ಸುಧಾರಿಸಲಿಲ್ಲ. ಮೇಲಾಗಿ ದನಿ ಸೋರಿಹೋದಂತೆ ಸಣ್ಣದಾಯಿತು. ಭಾನುವಾರ ಬೆಳಗ್ಗೆ ಎಂಟಕ್ಕೆ ನಮ್ಮ ನೆಟ್ ಇರುತ್ತದೆ. ಒಬ್ಬರು ಮುಂದೆ ನಿಂತು ಕರೆಯುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ಹಾಜರಿ ಹೇಳಿ ಸಮಾಚಾರ ಮಾತಾಡುತ್ತಾರೆ. ಆ ಕರೆಯುವ ಕೆಲಸ ಎಷ್ಟೋ ವರ್ಷದಿಂದ ಸರ್ ಅವರದು. ನಾಲ್ಕು ತಿಂಗಳು ಉಳಿದ ನಾವೆಲ್ಲ ಸರದಿಯಲ್ಲಿ ನಡೆಸಿದ್ದೆವು. ಈಗ ಅವರಿಗೆ ತಮ್ಮ ಜಾಗಕ್ಕೆ ವಾಪಸ್ ಬರಬೇಕಿತ್ತು.

ಶನಿವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಯಶವಂತಪುರ ದಾಟಿ ಜಾಲಹಳ್ಳಿಗೆ ಹೋದೆ. ಸರ್ ಸೆಟ್ಟಿನ ಮುಂದೆ ಕೂತು, ಹಳದಿ ಸ್ಪಂಜಿನ ಚೆಂಡೊಂದನ್ನು ಹಿಸುಕುತ್ತಿದ್ದರು. ಹಿಸುಕುತ್ತಿದ್ದರು ಎನ್ನುವುದು ಮರ್ಯಾದೆಯ ಮಾತು. ಚೆಂಡು ಅಂಗೈಯಲ್ಲಿ ಸುಮ್ಮನೆ ಕೂತಿತ್ತು.

"ಯುಗಾದಿ ಹೊತ್ತಿಗೆ ಬೆರಳು ಬರುತ್ತೆ. ಅಲ್ಲೀವರೆಗೆ ಮಾತ್ರ ಈ ವಾಕ್ಸು" ಎಂದರು, ನಾನು ಕೇಳುವ ಮುಂಚೆಯೇ.

"ಆಂಟಿ ಬಟನ್ ಒತ್ತಬಹುದಲ್ಲ ಸರ್?" ಎಂದೆ. ಆಂಟಿ ಎಂದರೆ ಸರ್ ಹೆಂಡತಿ.

"ಎರಡು ವಾರ ಒತ್ತಿ ನೋಡಿದ್ಲು. ನಾನ್ ಮಾತಾಡೋದಕ್ಕೆ ಅವಳ್ ಕೈ ಯಾಕಮ್ಮ ಕಟ್ಟಿಹಾಕ್ಬೇಕು? ಒತ್ತು, ಬಿಡು ಅಂತ ತಲೆ ಅಲ್ಲಾಡಿಸಿ ಅಲ್ಲಾಡಿಸಿ ನಂಗೂ ಸಾಕಾಯ್ತು."

ಅವರ ಸೆಟ್ಟಿನಲ್ಲಿ ವಾಕ್ಸ್ ಇದ್ದೇ ಇತ್ತು, ಜನ್ಮದಲ್ಲಿ ಒಮ್ಮೆಯೂ ಆನ್ ಆಗಿರಲಿಲ್ಲ ಅಷ್ಟೆ. ಆನ್ ಮಾಡಿದೆ. ಮೈಕನ್ನು ಸ್ಟ್ಯಾಂಡಿಗೆ ಕಟ್ಟಿ ಬಾಯಿಯ ಮುಂದೆ ನಿಲ್ಲಿಸಿದೆ. ಮೊದಲನೆಯ ತೊಂದರೆ ಒಂದೇ ನಿಮಿಷದಲ್ಲಿ ಬಂತು. ಸ್ಪೀಕರಿನಲ್ಲಿ ಬಂದ ಬೇರೆಯವರ ಮಾತೇ ಮೈಕಿಗೆ ಬಿದ್ದು ಸೆಟ್ಟು ಕಳಿಸಲು ಶುರು ಮಾಡಿತು. ಸ್ಪೀಕರ್ ಮುಚ್ಚಿ ಹೆಡ್‌ಫೋನ್ ಹಾಕಿದೆ. ಎರಡನೆಯದು ಅವರ ದನಿ. ಅದು ಎಷ್ಟು ಸಣ್ಣದಾಗಿತ್ತೆಂದರೆ ವಾಕ್ಸ್‌ಗೆ ಕೇಳಿಸಲೇ ಇಲ್ಲ. ಅದರ ಕಿವಿ ಚುರುಕು ಮಾಡುತ್ತಾ ಹೋದೆ. ಅವರ ದನಿಗೆ ಏಳುವ ಹೊತ್ತಿಗೆ ಅದು ಫ್ಯಾನಿನ ಸದ್ದಿಗೂ ಏಳತೊಡಗಿತ್ತು. ಫ್ಯಾನ್ ಆರಿಸಿದೆವು.

ಮೂರನೆಯದೇ ನಿಜವಾದ ತಲೆನೋವು. ಸರ್‌ಗೆ ಈಗ ಉಸಿರು ಸಾಲದು. ಎರಡು ಪದ ಹೇಳಿ ನಿಲ್ಲುತ್ತಾರೆ, ಇನ್ನೆರಡು ಹೇಳುತ್ತಾರೆ. ನಿಂತಾಗಲೆಲ್ಲ ವಾಕ್ಸ್ ಮಾತು ಮುಗಿಯಿತೆಂದು ತಿಳಿದು ಟಕ್ ಎಂದು ಬಿಟ್ಟುಬಿಡುತ್ತಿತ್ತು. ಮತ್ತೆ ಶುರು ಮಾಡಿದಾಗ ಮೊದಲ ಅಕ್ಷರ ಹೋಗುತ್ತಿತ್ತು. ಅದಕ್ಕೂ ಒಂದು ತಿರುಪು ಇದೆ. ಸದ್ದು ನಿಂತ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂದು ಹೇಳಬಹುದು. ಅರ್ಧ ಸೆಕೆಂಡ್ ಇದ್ದದ್ದನ್ನು ಎರಡು ಸೆಕೆಂಡಿಗೆ ಏರಿಸಿದೆ.

ಮಾರನೆಯ ದಿನದ ನೆಟ್ ತಕ್ಕಮಟ್ಟಿಗೆ ನಡೆಯಿತು. ಪಕ್ಕದ ಏರ್‌ಫೋರ್ಸಿನ ಹೆಲಿಕಾಪ್ಟರ್ ಒಂದು ನಮ್ಮ ನೆಟ್ಟಿಗೆ ಎರಡು ಸಲ ಹಾಜರಿ ಹಾಕಿತು. ಕುಕ್ಕರ್ ಒಂದು ಸಲ ಕೂಗಿತು. "ಏನ್ ಸರ್, ಪೊಂಗಲ್ಲಾ?" ಎಂದು ಯಾರೋ ಕಿಚಾಯಿಸಿದರು, ಎಲ್ಲರೂ ನಕ್ಕೆವು. ಆಮೇಲೆ ಆಂಟಿ ನನಗೆ ಫೋನ್ ಮಾಡಿ, "ನಿಮ್ ನೆಟ್ ಮುಗಿಯೋವರೆಗೂ ನಮ್ಮನೇಲಿ ಮೌನವ್ರತ ಕಣಮ್ಮ. ಮಿಕ್ಸಿ ಹಾಕಂಗಿಲ್ಲ, ಕೆಮ್ಮಂಗಿಲ್ಲ" ಎಂದರು. ನಗುತ್ತಲೇ ಹೇಳಿದರು. ನಾನೂ ನಕ್ಕು ಬಿಟ್ಟೆ. ಅಲ್ಲಿ ಸ್ವಲ್ಪ ಯೋಚನೆ ಮಾಡಬೇಕಿತ್ತು.

ಮಾಡಲಿಲ್ಲ. ಮುಂದಿನ ಶನಿವಾರ ಮತ್ತೆ ಹೋಗಿ, ಇನ್ನೂ ಮಾತು ತುಂಡಾಗುತ್ತಿದೆ ಎಂದು ವಾಕ್ಸ್‌ನ ಕಿವಿಯನ್ನು ಇನ್ನೊಂದು ಮೆಟ್ಟಿಲು ಚುರುಕು ಮಾಡಿ, ಕಾಯುವ ಹೊತ್ತನ್ನು ಮೂರು ಸೆಕೆಂಡಿಗೆ ಏರಿಸಿದೆ. ಸರ್ ಒಂದು ಇಡೀ ವಾಕ್ಯ ತುಂಡಾಗದೆ ಹೇಳಿದರು. ನನಗೆ ನನ್ನ ಮೇಲೇ ಹೆಮ್ಮೆಯಾಗಿ, ಆಂಟಿ ಕೊಟ್ಟ ಎರಡನೆಯ ಲೋಟ ಕಾಫಿಯನ್ನೂ ಕುಡಿದು ಬಂದೆ.

ಆ ಭಾನುವಾರ ನಾನು ಅಂಗಡಿಯಲ್ಲೇ ಕೂತು ನೆಟ್ ಕೇಳುತ್ತಿದ್ದೆ. ಹನ್ನೊಂದು ಜನ ಹಾಜರಿ ಹೇಳಿದ್ದರು. ಸರ್ "ಇನ್ಯಾರಾದ್ರೂ ಇದೀರಾ?" ಎಂದು ಕೇಳಿದರು. ಉತ್ತರ ಕೊಡಲು ಯಾರಿಗೂ ಆಗಲಿಲ್ಲ. ಯಾಕೆಂದರೆ ಅವರ ಸೆಟ್ಟು ಬಿಡಲೇ ಇಲ್ಲ. ಮಾತು ನಿಂತು ಒಂದು ಸೆಕೆಂಡ್ ಕಳೆದಿರಬಹುದು, ಹಿಂದಿನಿಂದ ಆಂಟಿಯ ದನಿ ಬಂತು. ಅವರು ನಡುಮನೆಯಲ್ಲಿ, ಅಲ್ಲಿಂದ ಮೈಕಿಗೆ ಬೀಳುವುದಿಲ್ಲವೆಂದುಕೊಂಡು, ಫೋನಿನಲ್ಲಿದ್ದರು. ಆ ಕಡೆ ಅವರ ತಂಗಿ ಇರಬೇಕು.

"ಕೈ ಇಷ್ಟೇ ಕಣೇ. ಬೆರಳು ಬರಲ್ಲ ಅಂತ ಡಾಕ್ಟ್ರು ನನ್ನೊಬ್ಳನ್ನೇ ಆಚೆ ಕರ್ದು ಹೇಳಿದ್ರು. ಇವ್ರು ನೋಡಿದ್ರೆ ದಿನಾ ಆ ಚೆಂಡು ಹಿಡ್ಕೊಂಡ್ ಕೂತಿರ್ತಾರೆ. ಹೆಂಗೇ ಹೇಳ್ಲಿ ನಾನು?"

ಆಮೇಲೆ ಅಳು. ಬಾಯಿಗೆ ಸೆರಗು ಒತ್ತಿಕೊಂಡ ಅಳು. ಅದೂ ವಾಕ್ಸ್‌ಗೆ ಸಾಕಾಗುವಷ್ಟಿತ್ತು.

ಸರ್‌ಗೆ ಇದು ಯಾವುದೂ ಗೊತ್ತಿಲ್ಲ. ಕಿವಿಯ ಮೇಲೆ ಹೆಡ್‌ಫೋನ್. ಸೆಟ್ಟು ಕಳಿಸುತ್ತಿರುವಾಗ ಹೆಡ್‌ಫೋನಿನಲ್ಲಿ ಏನೂ ಬರುವುದಿಲ್ಲ. ಅವರು ಯಾರೂ ಮಾತಾಡುತ್ತಿಲ್ಲ ಎಂದುಕೊಂಡು ಕಣ್ಣು ಮುಚ್ಚಿ ಕಾಯುತ್ತಾ ಕೂತಿದ್ದಾರೆ. ನಾವು ಹನ್ನೊಂದು ಜನ ತಡೆಯಲು ಎಷ್ಟು ಬಟನ್ ಒತ್ತಿದರೂ ಅದು ಅವರನ್ನು ಮುಟ್ಟುವುದಿಲ್ಲ. ನಾನು ಅವರ ಮೊಬೈಲಿಗೆ ಮಾಡಿದೆ, ನೆಟ್ ಹೊತ್ತಿಗೆ ಅದು ಸೈಲೆಂಟ್. ಆಂಟಿಯ ಮೊಬೈಲಿಗೆ ಮಾಡಿದೆ, ಎಂಗೇಜ್. ಎಂಗೇಜ್ ಇಲ್ಲದೆ ಇನ್ನೇನು? ಅವರು ಮಾತಾಡುತ್ತಿದ್ದುದನ್ನೇ ನಾನು ಕೇಳುತ್ತಿದ್ದೆನಲ್ಲ. ಒಬ್ಬರೇ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿದುಕೊಂಡರೆ ರಿಪೀಟರ್ ತಾನಾಗಿ ಕಡಿದುಹಾಕುತ್ತದೆ. ಅದು ಕಡಿಯುವವರೆಗೂ ಎಲ್ಲ ಹೋಯಿತು. ನಾನು ವಾಲ್ಯೂಮ್ ತಗ್ಗಿಸಿ ಗೋಡೆ ನೋಡುತ್ತಾ ಕೂತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಸರ್ ಮತ್ತೆ ಬಂದರು. "ಇವತ್ತು ಯಾಕೋ ಎಲ್ಲಾ ಸುಮ್ಮನಿದೀರಿ" ಎಂದರು. ಒಬ್ಬೊಬ್ಬರೂ ಎಂದಿನಂತೆ ಮಾತಾಡಿ ನೆಟ್ ಮುಗಿಸಿದರು. ನಡೆದದ್ದನ್ನು ಯಾರೂ ಎತ್ತಲಿಲ್ಲ. ಆ ಮೂರು ಸೆಕೆಂಡು ನನ್ನ ಕೈಯಾರೆ ಇಟ್ಟದ್ದು.

ಹತ್ತು ನಿಮಿಷದಲ್ಲಿ ರಿಪೀಟರ್ ನೋಡಿಕೊಳ್ಳುವವರ ಫೋನ್ ಬಂತು. ಯಲಹಂಕದ ಕಡೆಯ ಹಳೆಯ ಹಳ್ಳಿಯವರು, ಜಮೀನಿದ್ದ ಕಡೆ ಈಗ ಕಟ್ಟಡ ಕಟ್ಟಿದ್ದಾರೆ. ಅದರ ತಾರಸಿಯ ಮೇಲೇ ನಮ್ಮ ರಿಪೀಟರ್ ಇರುವುದು.

"ಇಂಗಾಗ್‌ಬಾರ್ದಾಗಿತ್ತು ಕಣಮ್ಮ. ನಮ್ ಉಡುಗ್ರು ಒಳ್ಳೇವ್ರು, ಯಾರೂ ಬಾಯ್ ಬಿಡಲ್ಲ. ಆದ್ರೆ ನಾಳೆ ಇನ್ನೊಂದ್ಸಲ ಆದ್ರೆ? ಆ ಯಮ್ಮನ ಮುಖ ಎಂಗ್ ನೋಡೋದು? ಆ ವಾಕ್ಸು ಬ್ಯಾಡ. ಸಾರು ಒಂದಷ್ಟು ದಿನ ರೆಸ್ಟ್ ತಗಳ್ಲಿ, ನೆಟ್ ಬೇರೆಯವ್ರು ನಡೆಸ್ತಾರೆ."

"ಇನ್ನೊಂದು ವಾರ ಕೊಡಿ ಅಣ್ಣ" ಎಂದೆ. "ನಾನೇ ಕೆಡಿಸಿದ್ದು, ನಾನೇ ಸರಿ ಮಾಡ್ತೀನಿ."

"ಒಂದೇ ವಾರ" ಎಂದರು.

ರೆಸ್ಟ್ ಎಂದರೆ ಏನೆಂದು ನನಗೆ ಗೊತ್ತಿತ್ತು. ನಾಲ್ಕು ತಿಂಗಳು ಚೆಂಡು ಹಿಡಿದು ಕೂತ ಮನುಷ್ಯನಿಗೆ ವಾರಕ್ಕೆ ಒಂದು ಗಂಟೆ ತನ್ನದೆನ್ನುವ ಕೆಲಸ ಸಿಕ್ಕಿತ್ತು. ಈಗ ಅದನ್ನು ಕಸಿದರೆ ಅವರು ಮತ್ತೆ ಕೇಳುವವರಲ್ಲ.

ಸೋಮವಾರದಿಂದ ಮಂಟಪದ ವಾಕಿಟಾಕಿಗಳನ್ನು ಪಕ್ಕಕ್ಕೆ ಸರಿಸಿ ಇದಕ್ಕೇ ಕೂತೆ. ಆಗಲೂ ನನ್ನ ತಲೆ ವಾಕ್ಸ್ ಬಿಟ್ಟು ಹೊರಗೆ ಬಂದಿರಲಿಲ್ಲ. ಕೆಟ್ಟದ್ದನ್ನು ಇನ್ನಷ್ಟು ಬಿಗಿ ಮಾಡಿ ಸರಿಪಡಿಸುವ ಹಟ ನನ್ನ ಹಳೆಯ ಕಾಯಿಲೆ. ಎದುರಿನಿಂದ ಬರುವ ಸದ್ದನ್ನು ಮಾತ್ರ ಹಿಡಿಯುವ ಮೈಕ್ ಹಾಕಿ ನೋಡಿದೆ. ಗಂಟಲಿಗೆ ಕಟ್ಟಿಕೊಳ್ಳುವ ಮೈಕ್ ಒಂದನ್ನು ಗೆಳತಿಯಿಂದ ಇಸಿದುಕೊಂಡು ಬುಧವಾರ ಜಾಲಹಳ್ಳಿಗೆ ಒಯ್ದೆ. ಆಪರೇಷನ್ ಗಾಯದ ಮೇಲೆ ಅದನ್ನು ಕಟ್ಟುವಾಗ ಸರ್‌ಗೆ ನೋವಾಯಿತು. ಕಟ್ಟಿದರೂ ಆ ದನಿ ಅದಕ್ಕೆ ಸಿಕ್ಕಲಿಲ್ಲ.

"ಹೋದ ವಾರ ಚೆನ್ನಾಗೇ ಇತ್ತಲ್ಲಮ್ಮ. ಈಗ್ಯಾಕೆ ಇಷ್ಟೊಂದು ಒದ್ದಾಟ?" ಎಂದು ಸರ್ ಕೇಳಿದರು. ನಾನು ಕನೆಕ್ಟರ್ ಒಂದನ್ನು ಸುಮ್ಮನೆ ಬಿಚ್ಚಿ ಮತ್ತೆ ಹಾಕಿದೆ.

ಕೈತೊಳೆಯಲು ಅಡಿಗೆಮನೆಗೆ ಹೋದೆ. ಆಂಟಿಯ ಮುಖ ನೋಡಲು ನನಗಾಗಲಿಲ್ಲ. ಅವರು ಹುರುಳಿಕಾಯಿ ಸೋಸುತ್ತಾ, "ಇವ್ರು ಮೊದ್ಲೆಲ್ಲಾ ಬಟನ್ ಒತ್ತೋವಾಗ ಎಡಗಾಲು ನೆಲಕ್ಕೆ ಕುಟ್ಟೋರು, ನೋಡಿದೀಯಾ? ಕುಟ್ಟಿ, ಉಸಿರು ಬಿಟ್ಟು, ಆಮೇಲೆ ಮಾತು. ಈಗ ಬಟನ್ನೇ ಇಲ್ಲ, ಕಾಲು ಮಾತ್ರ ಕುಟ್ತಾರೆ. ನೋಡಿದ್ರೆ ಒಂಥರಾ ಆಗುತ್ತೆ" ಎಂದರು.

ನಾನು ಕೈ ಒರೆಸಿಕೊಳ್ಳದೆ ಹಾಗೇ ಹೊರಗೆ ಬಂದೆ. "ಸರ್, ಕರೀರಿ ನೆಟ್ಟನ್ನ. ಸುಮ್ನೆ ಕರೀರಿ" ಎಂದೆ. ಸೆಟ್ಟು ಆಫ್ ಆಗಿತ್ತು. ಅವರು ಕರೆದರು. ಎಡಪಾದದ ಮುಂಭಾಗ ಎದ್ದು ನೆಲಕ್ಕೆ ಬಡಿಯಿತು, ಒಂದು ಉಸಿರು ಕಳೆಯಿತು, ಆಮೇಲೆ ದನಿ ಬಂತು. ಅವರಿಗೇ ಅದು ಗೊತ್ತಿರಲಿಲ್ಲ.

ಇಷ್ಟು ದಿನ ನಾನು ಮಾಡುತ್ತಿದ್ದುದು ಏನು? ಮಾತು ಯಾವಾಗ ಹೊರಗೆ ಹೋಗಬೇಕೆಂದು ಊಹೆ ಮಾಡುವ ಕೆಲಸವನ್ನು ಯಂತ್ರಕ್ಕೆ ಕೊಟ್ಟು, ಅದರ ಊಹೆಯನ್ನು ತಿದ್ದುತ್ತಾ ಕೂತಿದ್ದೆ. ಊಹೆಯೇ ಬೇಡವಾಗಿತ್ತು. ನಿರ್ಧಾರ ಮಾಡುವ ಮನುಷ್ಯ ಎದುರಿಗೇ ಕೂತಿದ್ದ. ಅವನಿಗೆ ಬೇಕಾಗಿದ್ದುದು ಒತ್ತುವುದಕ್ಕೆ ಒಂದು ಜಾಗ ಮಾತ್ರ. ವಾಕ್ಸ್ ಆಫ್ ಮಾಡಿ ನಾನು ತಂದ ಮೈಕ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡೆ.

"ಆಂಟಿ, ನಿಮ್ ಹೊಲಿಗೆ ಮಿಷನ್ನಿನ ಪೆಡಲ್ ಕೊಡ್ತೀರಾ?"

"ಬ್ಲೌಸ್ ಅರ್ಧ ಆಗಿದೆ ಕಣೇ" ಎಂದರು ಆಂಟಿ. ಆದರೂ ವೈರ್ ಸುತ್ತಿ ಕೊಟ್ಟರು.

ಹೊಲಿಗೆ ಮಿಷನ್ನಿನ ಪೆಡಲ್ ಒತ್ತಿದಷ್ಟೂ ಮೋಟಾರಿಗೆ ವೇಗ ಹೆಚ್ಚಿಸುತ್ತದೆ. ನನಗೆ ಬೇಕಾಗಿದ್ದುದು ಇದೆ, ಇಲ್ಲ ಎನ್ನುವ ಸ್ವಿಚ್. ಒಳಗಿನದೆಲ್ಲ ತೆಗೆದು ಚಿಕ್ಕ ಮೈಕ್ರೋಸ್ವಿಚ್ ಕೂರಿಸಿದೆ. ಸರ್ ಪಾದದ ಭಾರ ಎಷ್ಟಿರಬಹುದೆಂದು ಅಂದಾಜಿಗೆ ನನ್ನ ಕಾಲನ್ನೇ ಇಟ್ಟು ನೋಡಿದೆ. ಶುಕ್ರವಾರ ಜಾಲಹಳ್ಳಿಗೆ ಒಯ್ದು ಸರ್ ಕಾಲ ಕೆಳಗೆ ಇಟ್ಟಾಗ ಅಂದಾಜು ಸುಳ್ಳಾಯಿತು. ಅವರ ಕಾಲಿನಲ್ಲಿ ಬಿಗಿತ ಇತ್ತು, ಸುಮ್ಮನೆ ಇಟ್ಟರೂ ಪೆಡಲ್ ಒತ್ತಿಕೊಳ್ಳುತ್ತಿತ್ತು. ಗುಜರಿ ಡಬ್ಬದ ಸ್ಪ್ರಿಂಗುಗಳನ್ನು ಒಂದೊಂದಾಗಿ ಹಾಕಿ ನೋಡಿದೆವು. ನಾಲ್ಕನೆಯದು ಪಾದದ ಭಾರ ತಡೆದು, ಬೇಕೆಂದು ಒತ್ತಿದರೆ ಮಾತ್ರ ಇಳಿಯಿತು.

ಆಮೇಲೆ ಇನ್ನೊಂದು ಭಯ ಕಾದಿತ್ತು. ಯಾರೂ ಬಳಸದ ತರಂಗದಲ್ಲಿ ಪೂರ್ತಿ ಪವರ್ ಇಟ್ಟು ಒತ್ತಿಸಿದೆ. ಸರ್ ಕಾಲು ತೆಗೆದರೂ ಸೆಟ್ಟು ಬಿಡಲಿಲ್ಲ. ಕೆಂಪು ದೀಪ ಹಾಗೇ ಉರಿಯುತ್ತಿತ್ತು. ಹೋದ ಭಾನುವಾರವೇ ಮತ್ತೆ ಎದುರಿಗೆ ಬಂದಂತಾಗಿ ನಾನು ಪವರಿನ ವೈರನ್ನೇ ಎಳೆದುಬಿಟ್ಟೆ. ಪೆಡಲಿನ ಉದ್ದನೆಯ ವೈರು ಆಂಟೆನಾದಿಂದ ಹೊರಟ ತರಂಗವನ್ನೇ ಹೀರಿಕೊಂಡು ಸೆಟ್ಟಿಗೆ ಸುಳ್ಳು ಹೇಳುತ್ತಿತ್ತು. ಜಾಲರಿ ಹೊದಿಸಿದ ವೈರು ಹಾಕಿ, ಅದನ್ನು ದಾರಿ ತಪ್ಪಿ ಬರುವ ತರಂಗ ತಡೆಯುವ ಫೆರೈಟ್ ಉಂಗುರಕ್ಕೆ ಏಳು ಸುತ್ತು ಸುತ್ತಿ, ತುದಿಗೆ ಚಿಕ್ಕ ಕೆಪಾಸಿಟರ್ ಬೆಸುಗೆ ಹಾಕಿದೆ. ಐವತ್ತು ಸಲ ಒತ್ತಿಸಿದೆ. ಐವತ್ತು ಸಲವೂ ಬಿಟ್ಟಿತು.

ಶನಿವಾರ ಪೆಡಲನ್ನು ಒಂದು ತೇಗದ ಹಲಗೆಯ ಮೇಲೆ ಕೂರಿಸಿ, ಜಾರದಂತೆ ಕೆಳಗೆ ರಬ್ಬರ್ ಅಂಟಿಸಿ, ಮೇಜಿನ ಕಾಲಿಗೆ ಬಿಗಿಯುತ್ತಿದ್ದೆ. ಆಂಟಿ ತರಕಾರಿ ತರಲು ಹೋಗಿದ್ದರು. ಸರ್ ನನ್ನ ಕೆಲಸವನ್ನೇ ನೋಡುತ್ತಿದ್ದರು. ನಾನು ಬೆಸುಗೆ ಕಲಿಯುವಾಗ ಹೀಗೇ ಭುಜದ ಹಿಂದೆ ನಿಂತು ನೋಡುತ್ತಿದ್ದರು.

"ಹಿತ್ತಾಳೆ ಸ್ಕ್ರೂ ಹಾಕಿದೀಯ" ಎಂದರು.

"ಹೂಂ ಸರ್."

"ತೇಗದ ಹಲಗೆ. ವೈರಿಗೆ ಕ್ಲ್ಯಾಂಪು."

ನಾನು ಕ್ಲ್ಯಾಂಪಿನ ಸ್ಕ್ರೂ ತಿರುಗಿಸುತ್ತಾ ಹೋದೆ.

"ಯುಗಾದಿಗೆ ಬಿಚ್ಚಿ ಎಸೆಯೋ ಕೆಲಸಕ್ಕೆ ಯಾರೂ ಹಿತ್ತಾಳೆ ಸ್ಕ್ರೂ ಹಾಕಲ್ಲಮ್ಮ. ಟೇಪ್ ಸುತ್ತಿ ಬಿಡ್ತಾರೆ. ನಾನೇ ಕಲ್ಸಿದ್ದು ನಿಂಗೆ." ಆಮೇಲೆ ಕೇಳಿದರು, "ಏನ್ ಗೊತ್ತು ನಿಂಗೆ?"

ಸುಳ್ಳು ಹೇಳಬಹುದಿತ್ತು. ಬಾಯಿ ತೆರೆದೆ, ಅವರು ಕಲಿಸಿದ ಆ ಒಂದು ಉಸಿರು ಕಾದೆ, ಸುಳ್ಳು ಬರಲಿಲ್ಲ. ನೆಲದ ಮೇಲೆ ಕೂತೇ ಎಲ್ಲ ಹೇಳಿದೆ. ನನ್ನ ಮೂರು ಸೆಕೆಂಡು, ಆಂಟಿಯ ಫೋನು, ಡಾಕ್ಟರ ಮಾತು. ಹೇಳುವಾಗ ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

"ಟೈಮರ್ ಕಡಿಯೋವರೆಗೂ ಹೋಯ್ತಾ?"

"ಹೂಂ."

"ಎಲ್ಲಾ ಕೇಳಿದ್ರಾ?"

"ಹನ್ನೊಂದು ಜನ ಇದ್ರು ಸರ್. ಯಾರೂ ಮಾತಾಡಿಲ್ಲ."

"ಅವಳಿಗೆ?"

"ಗಾಳೀಲಿ ಹೋಗಿದ್ದು ಗೊತ್ತಿಲ್ಲ."

"ಗೊತ್ತಾಗೋದ್ ಬೇಡ. ಅವಳು ಹೇಳಕ್ಕಾಗ್ದೆ ಹೊತ್ಕೊಂಡಿರೋದನ್ನ ನಾನೇ ಇಳಿಸ್ತೀನಿ." ಅವರು ತೊಡೆಯ ಮೇಲಿದ್ದ ಎರಡೂ ಕೈಗಳನ್ನು ನೋಡಿಕೊಂಡರು, ಬೇರೆ ಯಾರದೋ ವಸ್ತು ನೋಡುವ ಹಾಗೆ. ಆಮೇಲೆ ಪಾದದಿಂದ ಹಲಗೆಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದರು. "ಆ ಮೂಲೇದು ಇನ್ನರ್ಧ ಸುತ್ತು ಬಿಗಿ ಮಾಡು. ಸಡಿಲ ಇದೆ."

ಬಿಗಿ ಮಾಡಿದೆ.

ಭಾನುವಾರ ಎಂಟಕ್ಕೆ ಅಂಗಡಿಯ ಶಟರ್ ಅರ್ಧ ಎತ್ತಿ ಸೆಟ್ಟಿನ ಮುಂದೆ ಕೂತೆ. ರಿಪೀಟರ್ ಎದ್ದಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಫ್ಯಾನಿಲ್ಲ, ಹೆಲಿಕಾಪ್ಟರಿಲ್ಲ. ಆಮೇಲೆ ಸರ್ ದನಿ ಬಂತು, ಸಣ್ಣದು, ಆದರೆ ಮೊದಲ ಅಕ್ಷರದಿಂದ ಪೂರ್ತಿ. ಎರಡು ಪದಕ್ಕೆ ನಿಲ್ಲುತ್ತಿದ್ದರು, ನಿಂತಷ್ಟು ಹೊತ್ತೂ ಕಾಲು ಹಿಡಿದುಕೊಂಡಿತ್ತು. ಒಬ್ಬೊಬ್ಬರನ್ನೂ ಕರೆದು ಹಾಜರಿ ತೆಗೆದುಕೊಂಡರು. ನಡುವೆ ಒಂದು ಸಲ "ಒಂದ್ನಿಮಿಷ ಇರಿ, ನಮ್ಮನೆ ಕುಕ್ಕರ್ ಕೂಗ್ತಿದೆ, ನಿಂತ್ಮೇಲೆ ಬರ್ತೀನಿ" ಎಂದು ಹೇಳಿ ಪೆಡಲ್ ಬಿಟ್ಟರು. ಎಷ್ಟು ವಿಷಲ್ ಆಯಿತೆಂದು ನಮಗೆ ಗೊತ್ತಾಗಲಿಲ್ಲ.

ಕೊನೆಯಲ್ಲಿ ಮತ್ತೆ ರಿಪೀಟರ್ ಎದ್ದಿತು. ಈ ಸಲ ಉಸಿರು ಸ್ವಲ್ಪ ಉದ್ದವಿತ್ತು.

"ಒಂದು ವಿಷಯ ಹೇಳ್ಬೇಕಿತ್ತು. ನನ್ ಕೈ ಇನ್ನು ಸರಿ ಹೋಗಲ್ಲ. ಅದು ನಂಗೆ ಗೊತ್ತು. ಇನ್ಮೇಲೆ ಬಟನ್ ಕಾಲಲ್ಲೇ. ಹಿತ್ತಾಳೆ ಸ್ಕ್ರೂ ಹಾಕಿಸ್ಕೊಂಡಿದೀನಿ, ಯಾರೂ ಮರುಗ್ಬೇಡಿ." ಉಸಿರು ತೆಗೆದುಕೊಂಡರು. "ನಮ್ಮನೆಯವಳು ಅಡಿಗೆಮನೆ ಬಾಗಿಲಲ್ಲಿ ನಿಂತ್ಕೊಂಡು ಕೇಳಿಸ್ಕೊತಿದಾಳೆ. ಅವಳೂ ಮರುಗೋದ್ ಬೇಡ. ಈಗ ಬಿಡ್ತಿದೀನಿ."

ರಿಪೀಟರ್ ಇಳಿಯಿತು. ಆಮೇಲೆ ಯಲಹಂಕದವರು ಬಂದು, "ಪೂರ್ತಿ ಕೇಳಿಸ್ತು ಸಾ. ಒಂದಕ್ಷರ ಓಗಿಲ್ಲ. ಮುಂದಿನ್ ವಾರ ಇದೇ ಒತ್ಗೆ ನೀವೇ ಕರೀಬೇಕು" ಎಂದರು.

ಅಷ್ಟರಲ್ಲಿ ಜಾಲಹಳ್ಳಿಯ ಆ ಮನೆಯಲ್ಲಿ ಆಂಟಿ ಏನಾದರೂ ಅಂದಿರಬೇಕು, ಅತ್ತಿರಲೂಬಹುದು. ನಮಗೆ ಯಾರಿಗೂ ಕೇಳಿಸಲಿಲ್ಲ. ಸರ್ ಪೆಡಲಿನಿಂದ ಕಾಲು ತೆಗೆದಿದ್ದರು.